ಕೆಎ-32 ನಂಬರಿನ ಬೆಲೆ

ಕಲಬುರಗಿಯಲ್ಲಿ ಕೂತು ಹಳೇ ಕಾರು ಹುಡುಕುವವರಿಗೆ ಮೂರು ರಾಜ್ಯಗಳ ಸಂತೆ ಬಾಗಿಲಿಗೇ ಬರುತ್ತದೆ. ಸೊಲ್ಲಾಪುರ ನೂರು ಚಿಲ್ಲರೆ ಕಿಲೋಮೀಟರು, ಹೈದರಾಬಾದ್ ಇನ್ನೂರು ಚಿಲ್ಲರೆ. ಬೆಂಗಳೂರು ಮಾತ್ರ ಐನೂರರ ಆಚೆ. ಹಾಗಾಗಿ ನಮ್ಮ ಕಡೆ "ಗಾಡಿ ತಗೋಬೇಕಂತ ಮಾಡೀವಿ" ಅಂತ ಒಬ್ಬರ ಮುಂದೆ ಬಾಯಿಬಿಟ್ಟರೆ ಸಾಕು, ಸಂಜೆಯೊಳಗೆ ತೆಲಂಗಾಣದ ಟಿಎಸ್ ನಂಬರಿನ ಫೋಟೋ, ಮಹಾರಾಷ್ಟ್ರದ ಎಂಎಚ್ ನಂಬರಿನ ಫೋಟೋ ಫೋನಿಗೆ ಬಂದು ಬೀಳುತ್ತವೆ. ಎಲ್ಲವೂ ಬಿಳಿ, ಎಲ್ಲವೂ ಸಿಂಗಲ್ ಓನರ್, ಎಲ್ಲವನ್ನೂ ಒಬ್ಬ ಡಾಕ್ಟರು ಓಡಿಸಿದ್ದು. ಹೈದರಾಬಾದಿನಲ್ಲಿ ಇಷ್ಟೊಂದು ಡಾಕ್ಟರು ಇದ್ದಮೇಲೆ ನಮ್ಮ ಭಾಗದ ಪೇಷಂಟುಗಳು ಅಲ್ಲಿಗೇ ಓಡುವುದರಲ್ಲಿ ಏನು ಆಶ್ಚರ್ಯ!

ನಾನು ಇಲ್ಲಿಯದೇ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವಳು. ಮನೆಯಲ್ಲಿ ಗಾಡಿ ಓಡಿಸುವವಳೂ ನಾನೇ. ನಮ್ಮ ಮನೆಯವರು ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ಒತ್ತುತ್ತಿರುತ್ತಾರೆ. ಹಳೇ ಸಣ್ಣ ಕಾರು ಬದಲಿಸಬೇಕು ಅಂತ ಮಾತು ಎದ್ದದ್ದು ಅತ್ತಿಯವರ ಮೊಣಕಾಲಿನ ಕಾರಣಕ್ಕೆ. ಅದರ ಸೀಟು ನೆಲಕ್ಕೆ ಹತ್ತಿರ. ಕೂಡುವಾಗ ಹೇಗೋ ಕುಸಿದು ಕೂಡುತ್ತಾರೆ, ಇಳಿಯುವಾಗ ಇಬ್ಬರು ಬೇಕು. ಜೀಪಿನಂಥ ಎತ್ತರದ ಗಾಡಿಯಾದರೆ ಹತ್ತುವುದೇ ಕಷ್ಟ. ಇವೆರಡರ ನಡುವಿನ ಎತ್ತರ, ಅಂದರೆ ಹಿಂದೆ ಸರಿದು ಸುಮ್ಮನೆ ಕೂತರೆ ಸೀಟು ಸಿಗುವಂಥ ಎತ್ತರ, ಈ ಕಾಂಪ್ಯಾಕ್ಟ್ ಎಸ್‌ಯುವಿ ಅನ್ನುವ, ಜೀಪಿನ ಆಕಾರದ ಸಣ್ಣ ಕಾರುಗಳದ್ದು. ಕಂಪನಿಯವರು ಜಾಹೀರಾತಿನಲ್ಲಿ ಬೆಟ್ಟ ಹತ್ತಿಸುತ್ತಾರೆ. ನಮ್ಮಂಥ ಮನೆಗಳಲ್ಲಿ ಇದು ಓಡುತ್ತಿರುವುದು ಮೊಣಕಾಲಿನಿಂದ ಅಂತ ನನ್ನ ಅನಿಸಿಕೆ.

ಶೋರೂಮಿನಲ್ಲಿ ಮೊದಲು ಕಿವಿಗೆ ಬೀಳುವುದು ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಗಾಡಿಯ ತಳಕ್ಕೂ ನಡುವಿನ ಎತ್ತರ. ಒಬ್ಬರದ್ದು 195 ಮಿ.ಮೀ., ಇನ್ನೊಬ್ಬರದ್ದು 205, ಮತ್ತೊಬ್ಬರದ್ದು 208. ಈ ಹತ್ತು ಹದಿಮೂರು ಮಿಲಿಮೀಟರಿಗೆ ನಮ್ಮ ಮನೆಯವರು ಎರಡು ವಾರ ಜಗಳಾಡಿದರು. ಹೆಚ್ಚಿನ ಕಂಪನಿಯವರು ಹೇಳುವ ಈ ಅಳತೆ ಖಾಲಿ ಗಾಡಿಯದ್ದು. ಐದು ಜನ ಕೂತು, ಹಿಂದೆ ಒಂದು ಚೀಲ ಜೋಳ, ಅರ್ಧ ಚೀಲ ಶೇಂಗಾ ಹಾಕಿದರೆ ಆ ಫರಕೆಲ್ಲ ಸ್ಪ್ರಿಂಗಿನಲ್ಲೇ ಮುಳುಗುತ್ತದೆ.

ನಮ್ಮ ಊರು ಜೇವರ್ಗಿ ದಾಟಿ ಒಳಗೆ. ಫರಹತಾಬಾದ್, ಕಟ್ಟಿಸಂಗಾವಿ ಸೇತುವೆ, ಜೇವರ್ಗಿ ತನಕ ರೋಡು ಛಲೋ ಅದೆ, ಯಾವ ಗಾಡಿಯಾದರೂ ನಡೆಯುತ್ತದೆ. ಡಾಂಬರು ಬಿಟ್ಟು ಹೊಲದ ದಾರಿಗೆ ಇಳಿದರೆ ಕರಿ ಎರಿ ಮಣ್ಣು. ಬೇಸಿಗೆಯಲ್ಲಿ ಅದು ಕಲ್ಲು, ಸೈಕಲ್ಲೂ ಹೋಗುತ್ತದೆ. ಮಳೆಗಾಲದಲ್ಲಿ ಗಾಲಿಗೆ ಮೆತ್ತಿಕೊಂಡು, ಮಡ್‌ಗಾರ್ಡಿನೊಳಗೆ ತುಂಬಿ, ಗಾಲಿ ತಿರುಗದಂತೆ ಹಿಡಿದುಬಿಡುತ್ತದೆ. ಅಲ್ಲಿ 208 ಇದ್ದರೂ ಅಷ್ಟೇ, 195 ಇದ್ದರೂ ಅಷ್ಟೇ. ಥಾರ್ 4x4, ಜಿಮ್ನಿಯಂಥ ನಾಲ್ಕೂ ಗಾಲಿಗೆ ಎಂಜಿನ್ ಶಕ್ತಿ ಹೋಗುವ ಗಾಡಿಗಳ ಮಾತು ಬೇರೆ. ನೆಕ್ಸಾನ್, ವೆನ್ಯೂ, ಬ್ರೆಝಾ, ಸೋನೆಟ್, ಮ್ಯಾಗ್ನೈಟ್ ಇವೆಲ್ಲ ಮುಂದಿನ ಎರಡು ಗಾಲಿಯಿಂದಲೇ ಎಳೆಯುವ ಗಾಡಿಗಳು. ಎಸ್‌ಯುವಿ ಅಂತ ಹೆಸರಿಟ್ಟ ಮಾತ್ರಕ್ಕೆ ಎರಿ ಹೊಲಕ್ಕೆ ಅದು ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ಊರ ಮುಂದಿನ ಡಾಂಬರಿನಲ್ಲೇ ನಿಲ್ಲಿಸಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುವುದು. ಮುಂಚೆಯೂ ಹಾಗೇ, ಇನ್ನು ಮುಂದೆಯೂ ಹಾಗೇ. ಕ್ಲಿಯರೆನ್ಸ್ ಬೇಕಾಗುವುದು ಊರೂರಲ್ಲಿ ಜನರೇ ಹಾಕಿಕೊಂಡ ಹಂಪುಗಳಿಗೆ. ಅದಕ್ಕೆ ಈ ಗಾಡಿಗಳಲ್ಲಿ ಯಾವುದೂ ಸಾಲುತ್ತದೆ.

ಸನ್‌ರೂಫ್ ಬಗ್ಗೆ ಒಂದೇ ಮಾತು: ಮೇ ತಿಂಗಳಲ್ಲಿ ನಮ್ಮೂರಲ್ಲಿ 43–44 ಡಿಗ್ರಿ. ಮಕ್ಕಳಿಗೆ ಅದು ಬೇಕು, ತಲೆ ಹೊರಗೆ ಹಾಕಿ ನಿಲ್ಲುವುದಕ್ಕೆ. ಅದಕ್ಕಾಗಿಯೇ ನನಗೆ ಬೇಡ. ಅದೇ ರೊಕ್ಕದಲ್ಲಿ ಹಿಂದಿನ ಸೀಟಿಗೆ ಎಸಿ ಗಾಳಿ ಬರುವ ವೆಂಟ್ ಇದೆಯೇ ನೋಡಬೇಕು. ಹಿಂದೆ ಕೂಡುವವರು ಅತ್ತಿ. 2022ಕ್ಕೆ ಮುಂಚಿನ ವಿಟಾರಾ ಬ್ರೆಝಾದಲ್ಲಿ ಹಿಂದೆ ವೆಂಟ್ ಇರಲಿಲ್ಲ. ಉಳಿದಂತೆ ಗಟ್ಟಿ ಗಾಡಿಯಾದರೂ ನಮ್ಮ ಪಟ್ಟಿಯಿಂದ ಅದನ್ನು ತೆಗೆದದ್ದು ಅಷ್ಟೇ ಕಾರಣಕ್ಕೆ.

ಡೀಸೆಲ್ಲೋ ಪೆಟ್ರೋಲೋ ಅನ್ನುವುದಕ್ಕೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಲೀಟರಿಗೆ ಹತ್ತು ಹನ್ನೆರಡು ರೂಪಾಯಿ ಫರಕು, ಮೈಲೇಜೂ ಜಾಸ್ತಿ, ಖರೆ. ಆದರೆ 2020ರ ಏಪ್ರಿಲ್ ನಂತರದ, ಬಿಎಸ್6 ಅನ್ನುವ ಹೊಗೆ ನಿಯಮದ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿದಿಡುವ ಡಿಪಿಎಫ್ ಅಂತ ಒಂದು ಜಾಳಿಗೆ ಇರುತ್ತದೆ. ಆ ಮಸಿ ಸುಟ್ಟು ಹೋಗಬೇಕಾದರೆ ಗಾಡಿ ಆಗಾಗ ಹೈವೇಯಲ್ಲಿ ಒಂದೇ ಸಮನೆ ಓಡಬೇಕು. ಮನೆಯಿಂದ ಗಂಜ್ ಮಾರುಕಟ್ಟೆಗೆ, ಗಂಜ್‌ನಿಂದ ಸೂಪರ್ ಮಾರ್ಕೆಟ್ಟಿಗೆ, ಅಲ್ಲಿಂದ ಜಗತ್ ಸರ್ಕಲ್ಲಿಗೆ ಅಂತ ಮೂರು ಮೂರು ಕಿಲೋಮೀಟರು ಓಡಿಸುವವರ ಡೀಸೆಲ್ ಗಾಡಿಯಲ್ಲಿ ಅದು ಕಟ್ಟಿಕೊಂಡು ದೀಪ ಹತ್ತುತ್ತದೆ. ಆಮೇಲಿನ ಖರ್ಚು ಉಳಿಸಿದ ಡೀಸೆಲ್ಲನ್ನೆಲ್ಲ ನುಂಗುತ್ತದೆ. ದಿನಾ ಸೇಡಂ, ಚಿತ್ತಾಪುರ ಅಂತ ಓಡಾಡುವವರು ಡೀಸೆಲ್ ತಗೊಳ್ಳಲಿ, ಅವರಿಗೆ ಅದು ಬರೋಬ್ಬರಿ. ಪೆಟ್ರೋಲಿನಲ್ಲಿ ಬೇರೆ ಕಿರಿಕಿರಿ: ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥೆನಾಲ್ ಬೆರೆತದ್ದು, ಅದಕ್ಕೆ ಹೊಂದುವಂತೆ ಗಾಡಿಗಳು ತಯಾರಾಗಿರುವುದು 2023ರ ಏಪ್ರಿಲ್‌ನಿಂದ ಈಚೆಗೆ. ಅದಕ್ಕಿಂತ ಹಳೇ ಗಾಡಿ ಕೊಳ್ಳುವವರು ಮೈಲೇಜು ಒಂದಿಷ್ಟು ಕಡಿಮೆ ಹಿಡಿದು, ರಬ್ಬರಿನ ಫ್ಯೂಯೆಲ್ ಪೈಪುಗಳ ಮೇಲೆ ಸರ್ವಿಸಿನಲ್ಲಿ ಕಣ್ಣಿಟ್ಟೇ ಕೊಳ್ಳಬೇಕು.

ಇನ್ನು ನನ್ನ ಇಷ್ಟದ ವಿಷಯ, ಲೆಕ್ಕ.

ಈ ಗಾಡಿಗಳೆಲ್ಲ ಯಾಕೆ ಹೆಚ್ಚುಕಡಿಮೆ 3,995 ಮಿ.ಮೀ. ಉದ್ದ ಇವೆ? ನಾಲ್ಕು ಮೀಟರಿನೊಳಗೆ ಇದ್ದರೆ, ಪೆಟ್ರೋಲ್ ಎಂಜಿನ್ 1,200 ಸಿಸಿ, ಡೀಸೆಲ್ 1,500 ಸಿಸಿ ಮೀರದಿದ್ದರೆ ತೆರಿಗೆ ಕಡಿಮೆ. ಜಿಎಸ್‌ಟಿಗೂ ಮುಂಚೆ, ಎಕ್ಸೈಸ್ ಕಾಲದಿಂದ ಬಂದ ಗೆರೆ ಇದು. 2025ರ ಸೆಪ್ಟೆಂಬರ್ 22ರಿಂದ ಆ ಗೆರೆಯೊಳಗಿನ ಗಾಡಿಗಳ ಜಿಎಸ್‌ಟಿ ಶೇ. 18ಕ್ಕೆ ಇಳಿಯಿತು. ಅದಕ್ಕೂ ಮೊದಲು ಸೆಸ್ ಸೇರಿ ಪೆಟ್ರೋಲಿಗೆ ಶೇ. 29, ಡೀಸೆಲ್ಲಿಗೆ ಶೇ. 31 ಇತ್ತು. ಕಾಗದದ ಮೇಲೆ ನೋಡಿದರೆ, ತೆರಿಗೆ ಸೇರಿ ಹತ್ತು ಲಕ್ಷವಿದ್ದ ಪೆಟ್ರೋಲ್ ಗಾಡಿ ಸುಮಾರು 9.15 ಲಕ್ಷಕ್ಕೆ, ಡೀಸೆಲ್ ಗಾಡಿ 9 ಲಕ್ಷಕ್ಕೆ ಇಳಿಯಬೇಕು. ಬ್ರೆಝಾದ ಉದ್ದ ಗೆರೆಯೊಳಗೇ ಇದ್ದರೂ ಎಂಜಿನ್ 1,462 ಸಿಸಿ. ಹಾಗಾಗಿ ಅದು ಶೇ. 45ರಿಂದ 40ಕ್ಕೆ ಮಾತ್ರ ಇಳಿಯಿತು. ಹತ್ತು ಲಕ್ಷಕ್ಕೆ ಮೂವತ್ತೈದು ಸಾವಿರದಷ್ಟು ಇಳಿಕೆ.

ಹಳೇ ಗಾಡಿ ಮಾರುವವರು ಇದನ್ನು ಕೇಳಿಸಿಕೊಂಡೇ ಇಲ್ಲ ಅನ್ನುವಂತೆ ಇರುತ್ತಾರೆ. ಮೂರು ವರ್ಷದ ಗಾಡಿಗೆ ಅವರು ಹೇಳುವ ರೇಟು ಹಳೇ ತೆರಿಗೆಯ ಕಾಲದ್ದು. ನಾನು ನೋಡಿದ ಒಂದೆರಡು ಕಡೆ, ಮೂರು ವರ್ಷ ಓಡಿದ ಮೇಲಿನ ವೇರಿಯಂಟಿಗೂ ಹೊಸ ನಡುವಿನ ವೇರಿಯಂಟಿಗೂ ಇದ್ದ ಅಂತರ ಒಂದು ಸ್ಕೂಟರಿನ ಬೆಲೆಯೂ ಅಲ್ಲ. ಅಷ್ಟಕ್ಕೆ ಯಾಕೆ ಹಳೇದು? ಮೂರು ವರ್ಷದೊಳಗಿನದ್ದಾದರೆ ಹೊಸದನ್ನೇ ತಗೊಳ್ಳಿ ಅನ್ನುತ್ತೇನೆ. ಹಳೇದರಲ್ಲಿ ಲಾಭ ಇರುವುದು ನಾಲ್ಕೈದು ವರ್ಷ ದಾಟಿದ ಮೇಲೆ, ಅದೂ ಗಾಡಿ ಕರ್ನಾಟಕದ್ದೇ ಆಗಿದ್ದರೆ.

ಯಾಕೆ ಕರ್ನಾಟಕದ್ದೇ? ನಮ್ಮ ರಾಜ್ಯದ ರೋಡ್ ಟ್ಯಾಕ್ಸಿನ ಕಾರಣಕ್ಕೆ. ಐದರಿಂದ ಹತ್ತು ಲಕ್ಷದ ಗಾಡಿಗೆ ಶೇ. 14, ಹತ್ತರಿಂದ ಇಪ್ಪತ್ತು ಲಕ್ಷದ್ದಕ್ಕೆ ಶೇ. 17. ಆ ತೆರಿಗೆಯ ಮೇಲೆ ಮತ್ತೆ ಶೇ. 11 ಸೆಸ್. ಅಂದರೆ ನಿಜದಲ್ಲಿ 15.54 ಮತ್ತು 18.87. ಒಂಬತ್ತು ಲಕ್ಷದ ಗಾಡಿಗೆ 1,39,860 ರೂಪಾಯಿ. ಹತ್ತು ಲಕ್ಷದ ಗೆರೆ ಇನ್ನೂ ಮಜಾ: 9.99 ಲಕ್ಷದ ಗಾಡಿಗೆ ಸುಮಾರು 1.55 ಲಕ್ಷ, 10.01 ಲಕ್ಷದ್ದಕ್ಕೆ ಸುಮಾರು 1.89 ಲಕ್ಷ. ಎರಡು ಸಾವಿರದ ಗಾಡಿ ಫರಕಿಗೆ ಮೂವತ್ಮೂರು ಸಾವಿರದ ತೆರಿಗೆ ಫರಕು. ಹತ್ತು ಲಕ್ಷ ದಾಟಿದರೆ ಶೇ. 1 ಟಿಸಿಎಸ್, ಅಂದರೆ ಮಾರುವವರೇ ಹಿಡಿದು ಕಟ್ಟುವ ಆದಾಯ ತೆರಿಗೆ, ಬೇರೆ ಹಿಡಿಯುತ್ತಾರೆ. ಅದೇನೋ ರಿಟರ್ನ್ ಹಾಕಿದರೆ ವಾಪಸ್ ಬರುತ್ತದೆ, ರೋಡ್ ಟ್ಯಾಕ್ಸ್ ಬರುವುದಿಲ್ಲ. ಶೋರೂಮಿನಲ್ಲಿ ಹುಡುಗ "ಇನ್ನೊಂದು ಇಪ್ಪತ್ ಸಾವ್ರ ಹಾಕಿದ್ರ ಟಾಪ್ ಬರ್ತದ್ರಿ" ಅಂದಾಗ ಆ ಇಪ್ಪತ್ತು ಸಾವಿರ ಯಾವ ಗೆರೆ ದಾಟಿಸುತ್ತದೆ ಅಂತ ಕೇಳಿ. ನಾನು ಕೇಳಿದೆ. ಅವನು ಉತ್ತರವನ್ನು ನಮ್ಮ ಮನೆಯವರಿಗೆ ಹೇಳಿದ.

ಈ ತೆರಿಗೆ ಲೈಫ್‌ಟೈಮ್. ಒಮ್ಮೆ ಕಟ್ಟಿದರೆ ಗಾಡಿಯ ಜೊತೆಗೇ ಹೋಗುತ್ತದೆ. ಕೆಎ ನಂಬರಿನ ಐದು ವರ್ಷದ ಗಾಡಿ ತಗೊಂಡರೆ ಮೊದಲಿನವರು ಕಟ್ಟಿದ ಆ ಲಕ್ಷ ಚಿಲ್ಲರೆ ನಮಗೆ ಪುಕ್ಕಟೆ. ನಾವು ಕೊಡುವುದು ಹೆಸರು ಬದಲಿಸುವ ಸಣ್ಣ ಫೀಸು. ಟಿಎಸ್ ಅಥವಾ ಎಂಎಚ್ ಗಾಡಿ ತಂದರೆ ಹಾಗಲ್ಲ. ಅಲ್ಲಿಯ ಆರ್‌ಟಿಓದಿಂದ ಫಾರ್ಮ್ 28ರ ಎನ್‌ಓಸಿ (ಅಭ್ಯಂತರವಿಲ್ಲ ಅನ್ನುವ ಪತ್ರ), ಇಲ್ಲಿ ಹೊಸ ನಂಬರು, ಮತ್ತೆ ಲೈಫ್‌ಟೈಮ್ ಟ್ಯಾಕ್ಸು. ಗಾಡಿಯ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ, ಆದರೆ ಮಾಫಿ ಇಲ್ಲ. "ಹಂಗೇ ಓಡಿಸ್ರಿ, ಯಾರ್ ಕೇಳ್ತಾರ" ಅಂತ ದಲ್ಲಾಳಿ ಹೇಳುತ್ತಾನೆ. ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟರೆ ಇಲ್ಲಿಯ ನಂಬರು ಮಾಡಿಸಲೇಬೇಕು ಅಂತ ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. ಕೇಳುವವರು ಕೇಳಿಯೇ ಕೇಳುತ್ತಾರೆ, ಸಾಮಾನ್ಯವಾಗಿ ಮದುವೆಗೆ ಹೊರಟ ದಿನ. ಆ ಖರ್ಚನ್ನು ಕೂಡಿಸಿ ನೋಡಿದರೆ ಹೈದರಾಬಾದಿನ "ಸಸ್ತಾ" ಗಾಡಿ ಕಲಬುರಗಿಯ ಗಾಡಿಗಿಂತ ತುಟ್ಟಿ ಆದದ್ದೇ ಹೆಚ್ಚು.

ಆದರೂ ಮೈದುನನ ಒತ್ತಾಯಕ್ಕೆ ಅಂಥದ್ದೊಂದನ್ನು ನೋಡಿದೆವು. 2019ರದ್ದು, ಡೀಸೆಲ್, ಟಿಎಸ್ ನಂಬರು, ಹೊರಗಿನಿಂದ ಕನ್ನಡಿಯ ಹಾಗೆ. ನಮ್ಮ ಹಳೇ ಗಾಡಿ ನೋಡಿಕೊಳ್ಳುವ ಮಿಸ್ತ್ರಿ ಚಾಚಾರನ್ನು ಕರೆದುಕೊಂಡು ಹೋಗಿದ್ದೆ. ಅವರು ಬಾನೆಟ್ ಎತ್ತುತ್ತಾರೆ, ಎಂಜಿನ್ ಸದ್ದು ಕೇಳುತ್ತಾರೆ ಅಂದುಕೊಂಡಿದ್ದೆ. ಅವರು ಹಿಂದಿನ ಬಾಗಿಲು ತೆಗೆದು ಸೀಟಿನ ಮೇಲೆ ಕೂತರು. ಸೀಟ್ ಬೆಲ್ಟ್ ಹಿಡಿದು ಎಳೆಯತೊಡಗಿದರು. ನಾವು ಹಾಕಿಕೊಳ್ಳುವಾಗ ಎಳೆಯುವಷ್ಟಲ್ಲ, ಅದು ಇನ್ನು ಬರುವುದೇ ಇಲ್ಲ ಅನ್ನುವವರೆಗೆ. ಕೊನೆಯ ಒಂದು ಗೇಣು ಪಟ್ಟಿ ಹೊರಗೆ ಬಂದಾಗ ಬಣ್ಣ ಬೇರೆ ಇತ್ತು. ಕಪ್ಪು ಪಟ್ಟಿಯ ಮೇಲೆ ಅಡ್ಡಕ್ಕೆ ಕಂದು ಗೆರೆ, ಗೆರೆಯ ಕೆಳಗೆ ಪುಡಿ ಮಣ್ಣು. ಚಾಚಾ ಅದನ್ನು ಹೆಬ್ಬೆರಳಿನಿಂದ ತಿಕ್ಕಿ ನನ್ನ ಕಡೆ ಹಿಡಿದರು. ಆಮೇಲೆ ಮುಂದಿನ ಸೀಟಿನ ಕೆಳಗೆ ಕೈ ಹಾಕಿ ಹಳಿಯ ಬೋಲ್ಟು ಸವರಿದರು. ಬೆರಳಿಗೆ ಜಂಗು.

"ಈ ಗಾಡಿ ಈಜಿ ಬಂದದ ತಂಗಿ," ಅಂದರು.

ದಲ್ಲಾಳಿ ಅದು ಬರೀ ಧೂಳು, ನಮ್ಮ ಕಡೆ ಧೂಳು ಇಲ್ಲೇನ್ರೀ ಅಂತ ವಾದಿಸಿದ. 2020ರ ಅಕ್ಟೋಬರಿನಲ್ಲಿ ಹೈದರಾಬಾದಿನ ಎಷ್ಟು ಓಣಿಗಳಲ್ಲಿ ಗಾಡಿಗಳು ನೀರಲ್ಲಿ ನಿಂತಿದ್ದವು ಅಂತ ಟಿವಿಯಲ್ಲಿ ಎಲ್ಲರೂ ನೋಡಿದ್ದೇವೆ. ಅದೇ ವಾರ ನಮ್ಮ ಭೀಮಾ ನದಿಯೂ ತುಂಬಿ ಹರಿದಿತ್ತು, ಹಾಗಾಗಿ ಕಲಬುರಗಿಯ ಕೆಎ-32, ಯಾದಗಿರಿಯ ಕೆಎ-33 ಗಾಡಿಗಳನ್ನೂ ಹೀಗೇ ನೋಡಬೇಕು. ನೀರು ನುಗ್ಗಿದ ಗಾಡಿ ಒಣಗಿಸಿ ತೊಳೆದರೆ ಓಡುತ್ತದೆ. ವೈರಿಂಗಿನ ಜೋಡಣೆಗಳು ಒಳಗೊಳಗೇ ಹಸಿರುಗಟ್ಟಿ ವರ್ಷ ಎರಡು ವರ್ಷದ ಮೇಲೆ ಒಂದೊಂದೇ ಕೈಕೊಡುತ್ತವೆ, ಏರ್‌ಬ್ಯಾಗಿನದ್ದೂ ಸೇರಿ. ಬೆಲ್ಟನ್ನು ಮಾತ್ರ ಪೂರ್ತಿ ಬಿಚ್ಚಿ ತೊಳೆಯುವ ತಾಳ್ಮೆ ಯಾರಿಗೂ ಇರುವುದಿಲ್ಲ ಅಂತ ಚಾಚಾ ದಾರಿಯಲ್ಲಿ ಹೇಳಿದರು. ಇನ್ನೂ ಕೆಲವು ಹೇಳಿಕೊಟ್ಟರು: ಗ್ಲಾಸುಗಳ ಮೂಲೆಯಲ್ಲಿ ತಯಾರಾದ ವರ್ಷದ ಗುರುತು ಇರುತ್ತದೆ, ಒಂದು ಗ್ಲಾಸಿನದ್ದು ಮಾತ್ರ ಬೇರೆ ಇದ್ದರೆ ಯಾಕೆ ಅಂತ ಕೇಳಬೇಕು. ಬಾನೆಟ್ಟಿನ ಕೀಲು ಹಿಡಿದ ಬೋಲ್ಟುಗಳ ಮೇಲೆ ಬಣ್ಣ ಎದ್ದಿದ್ದರೆ ಪಾನಾ ಬಿದ್ದಿದೆ ಅಂತ ಅರ್ಥ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ತಳ ನೋಡಬೇಕು. ಹಿಂದಿನಿಂದ ಗುದ್ದಿಸಿಕೊಂಡ ಗಾಡಿ ಅಲ್ಲಿ ಸುಕ್ಕುಗಟ್ಟಿರುತ್ತದೆ.

ಸುರಕ್ಷತೆಯ ಸ್ಟಾರುಗಳ ಬಗ್ಗೆ ಮೈದುನನಿಗೆ ಬಹಳ ಪ್ರೀತಿ. 2018ರಲ್ಲಿ ನೆಕ್ಸಾನ್, ಗಾಡಿ ಗುದ್ದಿಸಿ ನೋಡುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದು ಸ್ಟಾರ್ ತಗೊಂಡದ್ದು ನಮ್ಮ ದೇಶದ ಗಾಡಿಗಳಲ್ಲೇ ಮೊದಲು, ಎಕ್ಸ್‌ಯುವಿ300 2020ರಲ್ಲಿ ತಗೊಂಡಿತು. 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಬಂದಿದೆ. ಆದರೆ ಅಂದಿನ ಪರೀಕ್ಷೆಗೂ ಈಗಿನದ್ದಕ್ಕೂ ಕಠಿಣತೆಯಲ್ಲಿ ಫರಕಿದೆ, ಹಾಗಾಗಿ ಬೇರೆ ಬೇರೆ ವರ್ಷದ ಸ್ಟಾರುಗಳನ್ನು ಪಕ್ಕ ಪಕ್ಕ ಇಟ್ಟು ತೂಗಬಾರದು. ಅವನು ಬಾಗಿಲು ಠಪ್ ಅಂತ ಹಾಕಿ "ಕೇಳ್ರಿ ವೈನಿ, ಆವಾಜ್ ಕೇಳ್ರಿ" ಅನ್ನುತ್ತಾನೆ. ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೋ ಅಂದರೆ ಮಾತ್ರ ಹಾಕಿಕೊಳ್ಳುವುದಿಲ್ಲ.

ಕೊನೆಗೆ ಸಿಕ್ಕದ್ದು ಸೇಡಂ ರೋಡಿನ ಕಡೆಯ ಒಬ್ಬ ರಿಟೈರ್ಡ್ ಮಾಸ್ತರರ ಗಾಡಿ. ವೆನ್ಯೂ, 1.2 ಪೆಟ್ರೋಲ್, 2021ರದ್ದು, ಕೆಎ-32. ಮಗನ ಊರಿಗೆ ಹೋಗಿ ಇರುವವರಿದ್ದರು. ಟರ್ಬೋ ಅಲ್ಲ, 83 ಪಿಎಸ್‌ನ ಸಾದಾ ಎಂಜಿನ್, ಐದು ಗೇರು. ಎಸಿ ಹಾಕಿ ಐದು ಜನ ಕೂತು ಓವರ್‌ಟೇಕ್ ಮಾಡಬೇಕಾದರೆ ಗೇರು ಇಳಿಸಿ ಸ್ವಲ್ಪ ಕಾಯಬೇಕು. ನನಗೆ ಕಾಯುವುದು ಗೊತ್ತು. ಹಿಂದಿನ ಸೀಟಿಗೆ ಎಸಿ ವೆಂಟ್ ಇದೆ, ಸನ್‌ರೂಫ್ ಇಲ್ಲ. ಅತ್ತಿ ಬಾಗಿಲು ಹಿಡಿದು, ಹಿಂದೆ ಸರಿದು, ಸೀರೆಯ ನೆರಿಗೆ ಎತ್ತಿಕೊಳ್ಳದೇ ಕೂತರು, ಯಾರನ್ನೂ ಕರೆಯದೇ ಇಳಿದರು. ಮತ್ತೊಮ್ಮೆ ಹತ್ತಿ ಇಳಿದು "ಇದು ಆಗ್ತದ" ಅಂದರು.

ನನ್ನನ್ನು ಗೆದ್ದದ್ದು ಮಾತ್ರ ಮಾಸ್ತರರ ನೋಟ್‌ಬುಕ್ಕು. ಇನ್ನೂರು ಪುಟದ ಲಾಂಗ್ ನೋಟ್‌ಬುಕ್ಕಿನಲ್ಲಿ ಸ್ಕೇಲ್ ಹಿಡಿದು ಕಾಲಂ ಎಳೆದು, ಪ್ರತಿ ಸಲ ಹಾಕಿಸಿದ ಪೆಟ್ರೋಲು, ಮೀಟರು, ಗಾಳಿ, ಸರ್ವಿಸ್ ಬಿಲ್ಲಿನ ನಂಬರು ಬರೆದಿದ್ದರು. ಮೀಟರು ತಿರುಗಿಸಿದ ಗಾಡಿಗೆ ಇಂಥ ನೋಟ್‌ಬುಕ್ ಹುಟ್ಟಿಸಲು ಯಾರಿಂದಲೂ ಆಗುವುದಿಲ್ಲ. ಆದರೂ ಚಾಸಿಸ್ ನಂಬರು ಕೊಟ್ಟು ಸರ್ವಿಸ್ ಸೆಂಟರಿನಲ್ಲಿ ತಾಳೆ ನೋಡಿದೆ, ಹೊಂದಿತು. ರೇಟಿನಲ್ಲಿ ಮಾತ್ರ ಅವರು ಬಗ್ಗುವವರಲ್ಲ.

"ಹೊಸ ಗಾಡಿ ಇಳದದಂತ ನಂದೂ ಇಳೀಬೇಕೇನವಾ?"

"ಇಳೀತದ್ರೀ ಸರ. ಹೊಸಾದು ತುಟ್ಟಿ ಆಗಿದ್ರ ನೀವು ಏರಿಸ್ತಿದ್ದಿಲ್ಲೇನ್ರೀ?"

ನಕ್ಕರು. ಟೈರಿನ ಪಕ್ಕದ ನಾಲ್ಕು ಅಂಕಿ ತೋರಿಸಿದೆ: 1521. ಅಂದರೆ 2021ರ ಹದಿನೈದನೇ ವಾರ. ನಾಲ್ಕೂ ಟೈರು ಗಾಡಿಯಷ್ಟೇ ಹಳೇವು. ಹಲ್ಲು ಉಳಿದಿದ್ದರೂ ನಮ್ಮ ಬಿಸಿಲಿಗೆ ರಬ್ಬರು ಸೀಳುಬಿಟ್ಟಿತ್ತು. ಇನ್ಶೂರೆನ್ಸಿನ ಐಡಿವಿ, ಅಂದರೆ ಇನ್ಶೂರೆನ್ಸಿನವರು ಗಾಡಿಗೆ ಕಟ್ಟುವ ಬೆಲೆ, ತೆಗೆದು ನೋಡಿದರೆ ನಾಲ್ಕು ವರ್ಷ ದಾಟಿದ ಗಾಡಿಗೆ ಅರ್ಧ ಬೆಲೆ ಕಳೆದಿರುತ್ತಾರೆ. ಮಾರುವ ಬೆಲೆ ಅದೇ ಆಗಬೇಕಿಲ್ಲ, ಆದರೆ ಮಾತು ಶುರು ಮಾಡಲು ಅದಕ್ಕಿಂತ ಛಲೋ ಅಂಕಿ ಇಲ್ಲ. ಹೊಸ ಟೈರಿನ ರೊಕ್ಕ ಪೂರ್ತಿ ಇಳಿಸಿದರು, ಜಿಎಸ್‌ಟಿ ಇಳಿಕೆಯದ್ದು ಅರ್ಧ. ಉಳಿದರ್ಧಕ್ಕೆ ಚಹಾ, ಚುರುಮುರಿ ಸುಸಲಾ ಕೊಟ್ಟರು. ಡೀಲರ್ ಮೂಲಕ ಕೊಂಡಿದ್ದರೆ ಅವರ ಲಾಭದ ಮೇಲೆ ಶೇ. 18 ಜಿಎಸ್‌ಟಿ ಇರುತ್ತದೆ, ಅದೂ ನಮ್ಮ ತಲೆಯ ಮೇಲೇ ಬರುತ್ತಿತ್ತು. ಮನೆಯಿಂದ ಮನೆಗೆ ಆದ ವ್ಯಾಪಾರಕ್ಕೆ ಅದಿಲ್ಲ.

ಕಾಗದಗಳ ಬಗ್ಗೆ ಚುಟುಕಾಗಿ. ಹೆಸರು ಬದಲಿಸುವ ಫಾರ್ಮ್ 29 ಮತ್ತು 30ಕ್ಕೆ ಮಾರುವವರ ಸಹಿ ಅದೇ ದಿನ ಹಾಕಿಸಿ. ಸಾಲವಿದ್ದ ಗಾಡಿಯಾದರೆ ಬ್ಯಾಂಕಿನ ಎನ್‌ಓಸಿ ಮತ್ತು ಫಾರ್ಮ್ 35. ಸಾಲ ತೀರಿಸಿಯೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ತೆಗೆಸದೇ ಬಿಟ್ಟವರು ಬಹಳ ಜನ. ಬಾಕಿ ಚಲನ್ ಇದೆಯೇ ಆನ್‌ಲೈನಿನಲ್ಲಿ ನೋಡಿ. ಇನ್ಶೂರೆನ್ಸ್ ಹದಿನಾಲ್ಕು ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಮಾಸ್ತರರಿಗೆ ಇದ್ದ ಶೇ. 50 ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಗಾಡಿಯ ಜೊತೆ ಬರುವುದಿಲ್ಲ, ಅದು ಅವರ ಸ್ವಂತದ್ದು. ಹಾಗಾಗಿ ಅವರು ಕಟ್ಟುತ್ತಿದ್ದ ಪ್ರೀಮಿಯಂ ನೋಡಿ ನಿಮ್ಮ ಬಜೆಟ್ ಹಾಕಬೇಡಿ. ಅದೇ ಲೆಕ್ಕದಲ್ಲಿ ನನ್ನ ಹಳೇ ಗಾಡಿಯ ಬೋನಸ್ಸನ್ನು ನಾನು ಈ ಗಾಡಿಗೆ ತಂದುಕೊಂಡೆ. ಇದನ್ನು ಏಜೆಂಟರು ತಾವಾಗಿ ಹೇಳುವುದಿಲ್ಲ.

ಫಾಸ್ಟ್ಯಾಗ್ ಮಾತ್ರ ಯಾರ ಪಟ್ಟಿಯಲ್ಲೂ ಇರಲಿಲ್ಲ. ಹುಮನಾಬಾದ್ ದಾಟಿ ಹೈದರಾಬಾದ್ ರೋಡಿನ ಟೋಲಿನಲ್ಲಿ ಗೇಟು ತಾನಾಗಿ ಎದ್ದಿತು, ದಾಟಿದೆವು. ಐದು ನಿಮಿಷಕ್ಕೆ ಮಾಸ್ತರರ ಫೋನು: "ಎಲ್ಲಿಗಿ ಹೊಂಟೀರವಾ ಮನಿ ಮಂದಿ? ನನ್ನ ರೊಕ್ಕದಾಗ!" ರೊಕ್ಕ ಅಲ್ಲಿಂದಲೇ ಕಳಿಸಿದೆ, ವಾಪಸ್ ಬಂದ ದಿನವೇ ಹಳೇ ಟ್ಯಾಗ್ ಅವರಿಂದ ಬಂದ್ ಮಾಡಿಸಿ ಹೊಸದು ಅಂಟಿಸಿದೆ.